ಮೈಬಣ್ಣ ನೋಡಿ ಹಾವಿನ ಲೆಕ್ಕ ಮುಗಿಸ್ಬೇಡಿ (ಭಾಗ 4)

ಎರಡು ಕಾರ್ನ್ ಸ್ನೇಕ್ ಇವೆ ಅಂದ್ಕೊಳ್ಳಿ. ಎರಡಕ್ಕೂ ಕಿತ್ತಳೆ ಮೈ, ಕೆಂಪು ಮಚ್ಚೆ, ಮಚ್ಚೆ ಸುತ್ತ ಕಪ್ಪು ಅಂಚು. ಇವೆರಡಕ್ಕೆ ಹುಟ್ಟಿದ ಕೆಲವು ಮರಿಗಳಿಗೆ ಮಾತ್ರ ಕಪ್ಪು ಬಣ್ಣವೇ ಇಲ್ಲ, ಕಣ್ಣೂ ಕೆಂಪು! ಎಲ್ಲಿಂದ ಬಂತು ಇದು?

ಹೊಸಬರಿಗೆ ಒಂದು ಮಾತು. ಕಾರ್ನ್ ಸ್ನೇಕ್ ಊರು ಅಮೆರಿಕದ ಆಗ್ನೇಯ ಭಾಗ. ವಿಷ ಇಲ್ಲ, ನಮ್ಮ ಕೇರೆ ಹಾವಿನ ದೂರದ ನೆಂಟ. ಅಲ್ಲಿ ಎಷ್ಟೋ ತಲೆಮಾರಿಂದ ಇವನ್ನ ಸಾಕಿ, ಮರಿ ಮಾಡಿಸಿ ಮಾರ್ತಾರೆ.

ನಾನು ಬಿಕಾಂ, ಹೈಸ್ಕೂಲ್ ಆದ್ಮೇಲೆ ಬಯಾಲಜಿ ಮುಟ್ಟಿಲ್ಲ. ಆದ್ರೂ ಮೆಂಡೆಲ್‌ನ ಬಟಾಣಿ ನೆನಪಿದ್ರೆ ಸಾಕು. ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತೆ, ಅಮ್ಮಂದೊಂದು, ಅಪ್ಪಂದೊಂದು. ಕಪ್ಪು ಬಣ್ಣದ ಜೀನ್‌ನಲ್ಲಿ ಒಂದು ಪ್ರತಿ ಕೆಟ್ಟಿದ್ರೂ ಇನ್ನೊಂದು ಕೆಲಸ ಮಾಡುತ್ತೆ, ಹಾವು ಮಾಮೂಲಾಗೇ ಕಾಣುತ್ತೆ. ಇದನ್ನೇ 'ಹೆಟ್' ಅಂತಾರೆ. ಎರಡೂ ಪ್ರತಿ ಕೆಟ್ಟಿದ್ರೆ 'ಅಮೆಲ್'. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಇದರ ಮೂಲ ಕಂಡುಹಿಡಿದ್ರು: ಒಸಿಎ2 ಜೀನ್. ಮನುಷ್ಯರಲ್ಲಿ ಒಂದು ಬಗೆಯ ಆಲ್ಬಿನಿಸಂ ಬರೋದೂ ಇದೇ ಜೀನ್ ಕೆಟ್ಟಾಗ.

ಹೆಟ್‌ಗೆ ಹೆಟ್ ಜೋಡಿಯಾದ್ರೆ ಸರಾಸರಿ 4ರಲ್ಲಿ 1 ಮರಿ ಅಮೆಲ್. ಉಳಿದ ಮಾಮೂಲಿ ಮರಿಗಳಲ್ಲಿ 3ರಲ್ಲಿ 2 ಹೆಟ್. ಅದಕ್ಕೇ ಮಾರೋರು '66% ಪಾಸಿಬಲ್ ಹೆಟ್' ಅಂತ ಬರೀತಾರೆ. ಆ 66 ಹಾವಿನ ಮೈಯಲ್ಲಿಲ್ಲ! ಅದರಲ್ಲಿ ಆ ಜೀನ್ ಒಂದೋ ಇದೆ, ಇಲ್ಲಾಂದ್ರೆ ಇಲ್ಲ. 66 ಅನ್ನೋದು ನಮ್ಮ ಅಂದಾಜು, ಅಷ್ಟೆ.

ಬಣ್ಣ ಮಾತ್ರ ಆಗಿದ್ರೆ ಇದು ಬರೀ ಮಜಾ. ಆದ್ರೆ 'ಸ್ಟಾರ್‌ಗೇಜರ್' ಅನ್ನೋ ತೊಂದರೆಯೂ ಇದೇ ದಾರಿಯಲ್ಲೇ ಬರುತ್ತೆ. ಅದು ಬಂದ ಮರಿಗೆ ತಲೆ ನೆಟ್ಟಗೆ ನಿಲ್ಲಲ್ಲ, ಮೇಲಕ್ಕೆ ತಿರುಚಿಕೊಳ್ಳುತ್ತೆ, ಹರಿಯೋಕೆ ಹೋದ್ರೆ ಉರುಳುತ್ತೆ. ಅಪ್ಪ ಅಮ್ಮ ಇಬ್ರೂ ನೋಡೋಕೆ ಆರೋಗ್ಯವಾಗಿರ್ತಾರೆ. 'ಸನ್‌ಕಿಸ್ಡ್' ಅನ್ನೋ ಚಂದದ ಬಣ್ಣದ ವಂಶದ ಜೊತೆಗೇ ಈ ಜೀನ್ ತುಂಬಾ ಕಡೆ ಹರಡಿತು.

ನನ್ನ ಅಭಿಪ್ರಾಯ ನೇರ: ವಂಶದ ದಾಖಲೆ ಇಲ್ಲದ ಹಾವಿನಿಂದ ಮರಿ ಮಾಡಿಸಬಾರದು. ಮಾರುವಾಗ 'ಏನೂ ಇಲ್ಲ' ಅಂತ ಬರೀಬಾರದು, 'ಗೊತ್ತಿಲ್ಲ' ಅಂತ ಬರೀಬೇಕು. ಅಕೌಂಟ್ಸಲ್ಲಿ ಕಂಟಿಂಜೆಂಟ್ ಲಯಬಿಲಿಟಿ ಓದ್ತೀವಲ್ಲ, ಹಾಗೆ. ಕೋರ್ಟಲ್ಲಿರೋ ಕೇಸಿನ ಹಣ ಕೊಡಬೇಕಾಗಬಹುದು, ಆಗದೇನೂ ಇರಬಹುದು. ಆದ್ರೂ ಬ್ಯಾಲೆನ್ಸ್ ಶೀಟಿನ ನೋಟ್ಸಲ್ಲಿ ಹೇಳಲೇಬೇಕು. ಮುಚ್ಚಿಟ್ರೆ ಮೋಸ.

'ಸಾಕೋಕೆ ತಗೊಳ್ಳೋರಿಗೆ ಇದೆಲ್ಲ ಯಾಕೆ?' ಅಂತೀರಾ? ಈ ಹಾವು 15–20 ವರ್ಷ ಬದುಕಬಹುದು. ಅಷ್ಟರಲ್ಲಿ ಕೈ ಬದಲಾಗುತ್ತೆ. ಮೂರನೇ ಮನೆಯವರು ಜೋಡಿ ಮಾಡಿಸಿದಾಗ ಹತ್ತಾರು ಮೊಟ್ಟೆ. ತಲೆ ಎತ್ತೋಕಾಗದ ಮರಿಗಳನ್ನ ನೋಡೋರು ಅವರು, ಮೊದಲು ಮಾರಿದವರಲ್ಲ.

ತಿಳ್ಕೊಳ್ಳೋಕೆ ದಾರಿ ಇದೆ. ಅಮೆಲ್‌ನಂಥ ಕೆಲವು ಜೀನ್‌ಗಳನ್ನ ಕಳಚಿದ ಪೊರೆಯ ಡಿಎನ್‌ಎ ಪರೀಕ್ಷೆಯಲ್ಲೇ ಗುರುತಿಸಬಹುದು. ಹಾವಿಗೆ ನೋವೇ ಇಲ್ಲ. ಖರ್ಚಾಗುತ್ತೆ, ನಿಜ. ಆದ್ರೆ ಪರೀಕ್ಷೆ ಬಿಟ್ರೆ ಉಳಿಯೋದು ಮರಿ ಮಾಡಿಸಿ ನೋಡೋ ದಾರಿ. ಆಗ ಬೆಲೆ ಕಟ್ಟೋದು ಆ ಮರಿಗಳು.

ನೀವೇ ಹೇಳಿ: 'ಗೊತ್ತಿಲ್ಲ' ಅಂತ ಬರೆದು ಕಮ್ಮಿಗೆ ಮಾರೋರ ಹತ್ರ ತಗೋತೀರಾ, 'ಏನೂ ಇಲ್ಲ' ಅಂತ ಬರೆದು ಜಾಸ್ತಿಗೆ ಮಾರೋರ ಹತ್ರನಾ?

ಮುಂದಿನ ಭಾಗ: ಒಂದೇ ಮರಿಯಲ್ಲಿ ಎರಡು ಗುಪ್ತ ಜೀನ್, ಅಂದ್ರೆ 16ರಲ್ಲಿ 1 ಸಿಗೋ 'ಸ್ನೋ'. 🐍