ಮುಕ್ತ ತಂತ್ರಾಂಶ: ಹೊಸಬರಿಗೆಂದು ಕೆಲಸ ಉಳಿಸಿಡಿ

ಅಕ್ಟೋಬರ್ ಹತ್ತಿರವಾದಂತೆ ಇಂಜಿನಿಯರಿಂಗ್ ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಕೈಜೋಡಿಸುವ ಅಭಿಯಾನವಾದ ಹ್ಯಾಕ್ಟೋಬರ್‌ಫೆಸ್ಟ್‌ನ ಪೋಸ್ಟರುಗಳು ಓಡಾಡತೊಡಗುತ್ತವೆ. ನವೆಂಬರ್ ಬಂದರೆ ರಾಜ್ಯೋತ್ಸವದ ಹೆಸರಿನಲ್ಲಿ ಕನ್ನಡ ತಂತ್ರಾಂಶ ಕಮ್ಮಟಗಳು, ವಿಕಿಪೀಡಿಯದ ಸಂಪಾದನೋತ್ಸವಗಳು. ಇಂಥ ಕೂಟಗಳು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹುಡುಗ ಹುಡುಗಿಯರಿಗೂ ದಕ್ಕಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಸಭಾಂಗಣ ಹಿಡಿದು, ಬ್ಯಾನರ್ ಕಟ್ಟಿ, ಊಟ ಹೇಳಿಬಿಟ್ಟರೆ ಸಿದ್ಧತೆ ಮುಗಿಯಿತು ಎಂಬ ನಂಬಿಕೆ ಸಂಘಟಕರಲ್ಲಿ ಗಟ್ಟಿಯಾಗಿ ಬೇರೂರಿದೆ. ಕಮ್ಮಟದ ದಿನ ಏನಾಗುತ್ತದೆ ಎಂಬುದು ಅದಕ್ಕೆ ಒಂದು ತಿಂಗಳು ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಇರುವುದು ತಂತ್ರಾಂಶ ಯೋಜನೆಯ ಹೊಣೆ ಹೊತ್ತವರ ಕೈಯಲ್ಲಿ; ಬಂದು ಕೂರುವ ವಿದ್ಯಾರ್ಥಿಗಳ ಕೈಯಲ್ಲಿ ಇರುವುದು ತೀರಾ ಕಡಿಮೆ.

ಕನ್ನಡ ತಂತ್ರಾಂಶದ ಚರ್ಚೆ ಚಿಕ್ಕಮಗಳೂರಿನ ಈ ಬೆಟ್ಟಗಳಿಗೆ ಹೊಸದೇನಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ಲೇಖಕ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಪಟ್ಟು ಹಿಡಿದು ಮಾತನಾಡಿದ ವಿಷಯಗಳಲ್ಲಿ ಇದೂ ಒಂದು. ಕಂಪ್ಯೂಟರಿಗೆ ಹೊಂದಿಕೊಳ್ಳದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲ ಎಂಬುದು ಅವರ ಆತಂಕವಾಗಿತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. 2007ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಯೂನಿಕೋಡ್ ನಮ್ಮ ಕಚೇರಿಗಳಲ್ಲಿ ಇನ್ನೂ ನೆಲೆ ಕಂಡಿರಲಿಲ್ಲ. ಇಂದು ಅಕ್ಷರ ಮೂಡಿಸುವ ಸಮಸ್ಯೆ ಬಹುಪಾಲು ಬಗೆಹರಿದಿದೆ. ಈಗ ಬೇಕಿರುವುದು ಕೆಲಸಗಾರರು. ಫಾಂಟು, ಕೀಲಿಮಣೆ, ಕಾಗುಣಿತ ಪರೀಕ್ಷಕ, ಲಿನಕ್ಸ್ ಮತ್ತು ಫೈರ್‌ಫಾಕ್ಸ್‌ನ ಅನುವಾದ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, ಅದರ ಸೋದರ ಯೋಜನೆ ವಿಕಿಸೋರ್ಸ್, ಇವೆಲ್ಲ ನಡೆಯುತ್ತಿರುವುದು ಬೆರಳೆಣಿಕೆಯ ಸ್ವಯಂಸೇವಕರ ರಾತ್ರಿ ಹೊತ್ತಿನ ದುಡಿಮೆಯಿಂದ. ಹೊಸಬರನ್ನು ಬರಮಾಡಿಕೊಳ್ಳುವುದು ಈ ಯೋಜನೆಗಳಿಗೆ ಅಳಿವು ಉಳಿವಿನ ಪ್ರಶ್ನೆ.

ಸಿದ್ಧತೆಯಿಲ್ಲದೆ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದನ್ನು ಜಗತ್ತು 2020ರ ಅಕ್ಟೋಬರ್‌ನಲ್ಲಿ ಕಂಡಿತು. ಡಿಜಿಟಲ್‌ಓಷನ್ ಕಂಪನಿ 2014ರಲ್ಲಿ ಆರಂಭಿಸಿದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಆ ವರ್ಷ ನಾಲ್ಕು ಪುಲ್ ರಿಕ್ವೆಸ್ಟ್ (ಯೋಜನೆಗೆ ತಮ್ಮ ತಿದ್ದುಪಡಿ ಸೇರಿಸಿರೆಂಬ ಕೋರಿಕೆ) ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಮೊದಲ ದಿನದಿಂದಲೇ ಸಾವಿರಾರು ರೆಪೊಸಿಟರಿಗಳಿಗೆ ಅರ್ಥವಿಲ್ಲದ ತಿದ್ದುಪಡಿಗಳು ಸುರಿದವು. ಯಾರದೋ ರೀಡ್‌ಮಿ ಕಡತದ ತಲೆಬರಹಕ್ಕೆ ಒಂದು ಹೊಗಳಿಕೆಯ ಪದ ಸೇರಿಸುವುದು, ಇಂಥವೇ. ನಮ್ಮ ದೇಶದ ಒಂದು ಯೂಟ್ಯೂಬ್ ಪಾಠವೇ ಈ ಪ್ರವಾಹಕ್ಕೆ ಕಾರಣವೆಂಬ ದೂರು ಎಲ್ಲೆಡೆ ಹರಿದಾಡಿತು. ಒಂದೆರಡು ದಿನದಲ್ಲೇ ನಿಯಮ ಬದಲಾಯಿತು. ತಾವಾಗಿ ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಕಳಿಸಿದ ಕೆಲಸ ಮಾತ್ರ ಲೆಕ್ಕಕ್ಕೆ ಎಂದಾಯಿತು.

ಆಗ ವಿದ್ಯಾರ್ಥಿಗಳ ಪಾಲಿಗೂ ಬೈಗುಳ ಬಂತು. ಅದು ಅರ್ಧ ನ್ಯಾಯ ಮಾತ್ರ ಎಂದು ನನಗೆ ಅನ್ನಿಸುತ್ತದೆ. ಪಾಠ ಮಾಡಿದವರು ಹೇಗೆ ಕಳಿಸಬೇಕು ಎಂದು ಹೇಳಿಕೊಟ್ಟರೇ ಹೊರತು, ಏನನ್ನು ಕಳಿಸಬೇಕು ಎಂದು ಹೇಳಲಿಲ್ಲ. ಹೇಳಬೇಕಾದವರು ಯೋಜನೆಯ ಒಳಗಿದ್ದವರು. ಅವರಲ್ಲಿ ಬಹಳ ಜನ ‘ಇಂತಿಂಥ ಕೆಲಸ ಬಾಕಿ ಇದೆ, ನಿಮ್ಮಿಂದಾಗುತ್ತದೆ’ ಎಂದು ಬರೆದಿಟ್ಟಿರಲೇ ಇಲ್ಲ.

ಕಾಫಿ ತೋಟದಲ್ಲಿ ಯಾರೂ ಹೀಗೆ ಮಾಡುವುದಿಲ್ಲ. ಹಣ್ಣು ಕುಯ್ಯುವವರು ಬಂದಿಳಿಯುವ ಮೊದಲೇ ಕಣ ಸರಿಪಡಿಸಿ, ಪಲ್ಪರ್ ಓಡಿಸಿ ನೋಡಿ, ಕೂಲಿಗಾರರ ಲೈನಿನ ಮನೆಗಳಿಗೆ ಹೆಂಚು ಹೊದಿಸಿ, ಯಾವ ಪಟ್ಟೆಯಿಂದ ಶುರು ಎಂದು ರೈಟರೂ ಮೇಸ್ತ್ರಿಯೂ ಗೊತ್ತುಮಾಡಿಕೊಂಡಿರುತ್ತಾರೆ. ಮೊದಲ ದಿನ ಬಂದವಳಿಗೆ ಯಾವ ಸಾಲು ತನ್ನದು, ತೂಕ ಯಾರು ಹಾಕುತ್ತಾರೆ ಎಂಬುದು ಬೆಳಿಗ್ಗೆಯೇ ತಿಳಿಯುತ್ತದೆ.

ಕಮ್ಮಟಗಳು ಎಷ್ಟು ಸಣ್ಣ ಕಾರಣಕ್ಕೆ ಕೈಕೊಡುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದುರುಪಯೋಗ ತಡೆಯಲೆಂದು ವಿಕಿಪೀಡಿಯದಲ್ಲಿ ಒಂದು ಐಪಿ ವಿಳಾಸದಿಂದ ದಿನಕ್ಕೆ ಆರು ಹೊಸ ಖಾತೆಗಳಿಗೆ ಮಾತ್ರ ಅವಕಾಶ. ಕಾಲೇಜಿನ ಲ್ಯಾಬಿನ ಅಷ್ಟೂ ಕಂಪ್ಯೂಟರುಗಳು ಹೊರ ಜಗತ್ತಿಗೆ ಸಾಮಾನ್ಯವಾಗಿ ಒಂದೇ ವಿಳಾಸವಾಗಿ ಕಾಣುತ್ತವೆ. ಉದ್ಘಾಟನೆ, ದೀಪ, ಭಾಷಣ ಎಲ್ಲ ಮುಗಿದು ‘ಈಗ ಎಲ್ಲರೂ ಖಾತೆ ತೆರೆಯಿರಿ’ ಎಂದಾಗ ಆರು ಮಂದಿಯ ಖಾತೆ ತೆರೆದುಕೊಳ್ಳುತ್ತದೆ. ಏಳನೆಯವರ ಪರದೆಯ ಮೇಲೆ ತಪ್ಪಿನ ಸಂದೇಶ ಬರುತ್ತದೆ. ಉಳಿದವರು ಊಟದ ಗಂಟೆಯವರೆಗೆ ಮೊಬೈಲ್ ನೋಡುತ್ತ ಕೂರುತ್ತಾರೆ. ಇದಕ್ಕೆ ಪರಿಹಾರ ಸುಲಭ. ಕಾಲೇಜಿನ ಐಪಿ ವಿಳಾಸ ಮತ್ತು ದಿನಾಂಕ ತಿಳಿಸಿ ಮೊದಲೇ ಮನವಿ ಕೊಟ್ಟರೆ ಆ ದಿನಕ್ಕೆ ಮಿತಿ ಸಡಿಲಿಸುತ್ತಾರೆ. ಇಲ್ಲವೇ ವಿದ್ಯಾರ್ಥಿಗಳು ಹಿಂದಿನ ವಾರವೇ ಮನೆಯಲ್ಲಿ ಖಾತೆ ತೆರೆದು ಬರಬಹುದು. ಆದರೆ ಈ ಸಂಗತಿ ಗೊತ್ತಿರುವುದು ಯೋಜನೆಯ ಹಳಬರಿಗೆ. ಅವರು ಸಂಘಟಕರಿಗೆ ಹೇಳಬೇಕು, ಅದೂ ಕೊನೆಯ ಗಳಿಗೆಯಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಕೋಡ್ ಬರೆಯುವ ಯೋಜನೆಯಾದರೆ ಇದೇ ತೊಡಕು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ತಂತ್ರಾಂಶವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಅನುಸ್ಥಾಪಿಸುವ ಸೂಚನೆಯನ್ನು ಬರೆದವರು ಅದನ್ನು ಮತ್ತೆ ಪಾಲಿಸಿ ನೋಡಿರುವುದು ಅಪರೂಪ. ಅವರ ಯಂತ್ರದಲ್ಲಿ ಎಲ್ಲವೂ ಮೊದಲೇ ಇರುತ್ತದೆ. ಆದ್ದರಿಂದ ಕಮ್ಮಟಕ್ಕೆ ಮುಂಚೆ ಯೋಜನೆಯ ಗಂಧಗಾಳಿ ಇಲ್ಲದ ಒಬ್ಬರನ್ನು ಕೂರಿಸಿ, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಅವರು ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ಗುರುತು ಹಾಕಿಕೊಳ್ಳಬೇಕು. ಒಂದು ಮಧ್ಯಾಹ್ನದ ಕೆಲಸ ಅದು. ಆ ಸೂಚನೆ ಕನ್ನಡದಲ್ಲೂ ಇರಬೇಕು. ಕನ್ನಡದ ಯೋಜನೆಗೆ ದುಡಿಯಲು ಬಂದ ಕಳಸದ ಪದವಿ ವಿದ್ಯಾರ್ಥಿನಿಗೆ ಮೊದಲ ಪುಟವೇ ಇಂಗ್ಲಿಷಿನಲ್ಲಿ ಎದುರಾದರೆ, ಅವಳಿಗೆ ಅಲ್ಲಿ ಜಾಗವಿಲ್ಲ ಎಂದು ನಾವೇ ಹೇಳಿದಂತೆ.

ಎಲ್ಲಕ್ಕಿಂತ ಕಷ್ಟದ್ದು ಕೆಲಸ ಉಳಿಸಿಡುವುದು. ಯೋಜನೆ ನೋಡಿಕೊಳ್ಳುವ ಒಳ್ಳೆಯ ಮೇಂಟೇನರ್‌ಗೆ ಸಣ್ಣ ತಪ್ಪು ಕಂಡರೆ ಕೈ ತಡೆಯುವುದಿಲ್ಲ, ಐದು ನಿಮಿಷದಲ್ಲಿ ತಿದ್ದಿಬಿಡುತ್ತಾರೆ. ಹಾಗೆ ತಿದ್ದುತ್ತ ಹೋದರೆ ಕೊನೆಗೆ ಪಟ್ಟಿಯಲ್ಲಿ ಉಳಿಯುವುದು ಹಳಬರಿಗೂ ಜಗ್ಗದ ಸಮಸ್ಯೆಗಳು. ಬಂದ ಹೊಸಬರಿಗೆ ತೋರಿಸಲು ಏನೂ ಇರುವುದಿಲ್ಲ. ಗಿಟ್‌ಹಬ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸುವ ಪದ್ಧತಿ ಇರುವುದೇ ಇದಕ್ಕಾಗಿ. ಬರಿ ಚೀಟಿ ಅಂಟಿಸಿದರೆ ಸಾಲದು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳಿವೆ, ಡೆಬಿಯನ್ ಲಿನಕ್ಸಿನ ಭಂಡಾರದಲ್ಲೂ ಸಿಗುತ್ತವೆ. ಇಂಥ ಫಾಂಟಿನ ಯೋಜನೆಯವರು ‘ಒತ್ತಕ್ಷರ ಪರೀಕ್ಷಿಸಿ’ ಎಂದಷ್ಟೇ ಬರೆದರೆ ಹೊಸಬರು ಕಂಗೆಡುತ್ತಾರೆ. ‘ಈ ನಲವತ್ತು ಪದಗಳನ್ನು ಬೆರಳಚ್ಚಿಸಿ, ಅರ್ಕಾವತ್ತು ಸ್ಥಳ ತಪ್ಪಿದ್ದರೆ, ಎರಡು ಒತ್ತು ಬಂದಲ್ಲಿ ಕೆಳಗಿನ ಸಾಲಿಗೆ ತಾಗುತ್ತಿದ್ದರೆ ಚಿತ್ರ ತೆಗೆದು ಇಲ್ಲಿ ಹಾಕಿ, ಸಂದೇಹ ಬಂದರೆ ಇಂಥವರನ್ನು ಕೇಳಿ’ ಎಂದು ಬರೆದರೆ ಪಿಯುಸಿ ಓದುವವರೂ ಒಂದು ಗಂಟೆಯಲ್ಲಿ ಉಪಯೋಗಕ್ಕೆ ಬರುವ ಕೆಲಸ ಮಾಡಿ ಏಳುತ್ತಾರೆ.

ಈ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾಗಿರುವುದು ವಿಕಿಸೋರ್ಸ್. ಅಲ್ಲಿ ಹೊಸಬರಿಗೆ ಸಿಗುವುದು ಒಂದು ಪುಸ್ತಕದ ಒಂದೇ ಒಂದು ಪುಟ. ಒಂದು ಬದಿಯಲ್ಲಿ ಹಳೆಯ ಪುಟದ ಸ್ಕ್ಯಾನ್ ಚಿತ್ರ, ಇನ್ನೊಂದು ಬದಿಯಲ್ಲಿ ಯಂತ್ರ ಓದಿ ಹಾಕಿದ ಪಠ್ಯ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕವಾದರೆ ಯಂತ್ರ ಒತ್ತುಗಳನ್ನು ನುಂಗಿರುತ್ತದೆ, ಪಕಾರ ವಕಾರಗಳನ್ನು ಅದಲುಬದಲು ಮಾಡಿರುತ್ತದೆ. ಎರಡನ್ನೂ ಹೋಲಿಸಿ ತಿದ್ದಿ ಉಳಿಸಿದರೆ ಕೆಂಪಾಗಿದ್ದ ಪುಟದ ಗುರುತು ಹಳದಿಯಾಗುತ್ತದೆ. ಬೇರೊಬ್ಬರು ಮತ್ತೊಮ್ಮೆ ಓದಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಕೆಲಸದ ಅಳತೆ ಚಿಕ್ಕದು, ಮುಗಿದದ್ದು ಕಣ್ಣಿಗೆ ಕಾಣುತ್ತದೆ, ತಪ್ಪಿದರೆ ಇನ್ನೊಬ್ಬರು ನೋಡುತ್ತಾರೆಂಬ ಧೈರ್ಯ ಇದೆ. ಕಾದಂಬರಿಕಾರ ನಿರಂಜನರ ಕುಟುಂಬ 2014ರಲ್ಲಿ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ತಂದಿತು. ಇಂಥ ಔದಾರ್ಯ ಓದುಗರ ಕೈಸೇರಬೇಕಾದರೆ ಪುಟಪುಟವಾಗಿ ತಿದ್ದುವ ಜನ ಬೇಕು. ಕೋಡ್ ಬಾರದ ಕನ್ನಡ ಎಂ.ಎ. ವಿದ್ಯಾರ್ಥಿ ಇಲ್ಲಿ ಯಾವ ಇಂಜಿನಿಯರಿಗೂ ಕಡಿಮೆಯಲ್ಲ.

ಇನ್ನು ನಮ್ಮ ಬೆಟ್ಟಗಳ ಲೆಕ್ಕಾಚಾರ. ಕನ್ನಡ ಕಮ್ಮಟಗಳ ಕ್ಯಾಲೆಂಡರ್ ಬೆಂಗಳೂರಿನಲ್ಲಿ ತಯಾರಾಗುತ್ತದೆ, ಆದ್ದರಿಂದ ಎಲ್ಲವೂ ನವೆಂಬರ್‌ನಲ್ಲಿ ಬಂದು ಬೀಳುತ್ತವೆ. ಇಲ್ಲಿ ನವೆಂಬರ್ ಎಂದರೆ ಅರೇಬಿಕಾ ಹಣ್ಣಾಗುವ ಹೊತ್ತು. ಅಲ್ಲಿಂದ ರೋಬಸ್ಟಾ ಮುಗಿಯುವ ಫೆಬ್ರವರಿ, ಮಾರ್ಚ್‌ವರೆಗೆ ಸಣ್ಣ ಬೆಳೆಗಾರರ ಮನೆಯ ಮಕ್ಕಳೂ ಕೂಲಿಗೆ ಹೋಗುವವರ ಮಕ್ಕಳೂ ರಜೆಯ ದಿನ ತೋಟದಲ್ಲೋ ಕಣದಲ್ಲೋ ಇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುರುಸೊತ್ತಿದೆ, ಆದರೆ ವಿದ್ಯುತ್ ಲೈನಿನ ಮೇಲೆ ಮರ ಬಿದ್ದರೆ ಕರೆಂಟಿಲ್ಲ, ಕರೆಂಟು ಹೋದರೆ ಟವರಿಗೂ ಜೀವವಿಲ್ಲ. ಒಗ್ಗುವುದು ಅಕ್ಟೋಬರ್. ಮಳೆ ಹಿಂದೆ ಸರಿದು ಕುಯ್ಲು ಶುರುವಾಗುವ ಮಧ್ಯದ ಈ ಕೆಲವು ವಾರಗಳನ್ನು ಜಿಲ್ಲೆಯ ಕಾಲೇಜುಗಳು ಈಗಲೇ ಗುರುತು ಹಾಕಿಕೊಳ್ಳಬೇಕು.

ಜಾಗದ ವಿಚಾರವೂ ಇದೆ. ಚಿಕ್ಕಮಗಳೂರಿನಿಂದ ಕಳಸ ಸುಮಾರು 90 ಕಿ.ಮೀ., ಅದೂ ಘಟ್ಟದ ತಿರುವುಗಳ ದಾರಿ. ಸಂಜೆ ಐದರವರೆಗೆ ನಡೆಯುವ ಕಮ್ಮಟಕ್ಕೆ ಅಲ್ಲಿನ ಹುಡುಗಿಯರು ಬರಲಾರರು, ಬಂದರೂ ಮೂರಕ್ಕೆ ಎದ್ದು ಹೋಗಬೇಕು. ಅವರು ಎದ್ದು ಹೋಗುವುದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುವ ಸಂಘಟಕರ ಬಗ್ಗೆ ನನಗೆ ಸಿಟ್ಟಿದೆ. ಕಮ್ಮಟವನ್ನೇ ಕಳಸಕ್ಕೆ, ಮೂಡಿಗೆರೆಗೆ ಒಯ್ಯಿರಿ. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನ ಇದೆ, ಈ ಕೆಲಸಕ್ಕೆ ಅದಕ್ಕಿಂತ ಒಪ್ಪುವ ನೆಲೆ ಇನ್ನೊಂದಿಲ್ಲ. ನೂರಾರು ಎಂಬಿ ತೂಗುವ ತಂತ್ರಾಂಶಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋಗಿ. ನೆಟ್‌ವರ್ಕ್ ಕೈಕೊಟ್ಟರೂ ಮುಂದುವರಿಯುವಂಥ ಕೆಲಸಗಳನ್ನು ಆರಿಸಿಡಿ.

ಈ ಬೆಟ್ಟದವರು ಕಲಿಯಲಷ್ಟೇ ಬರುತ್ತಾರೆ ಎಂಬ ಭಾವನೆಯನ್ನೂ ಬಿಡಬೇಕು. ಬೆಂಗಳೂರಿನ ಕೋಡಿಗರಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿದೆ. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಊರಿನ ಹೆಸರಿಗೂ ಕನ್ನಡದಲ್ಲಿ ಬರೆಯಲು ಪ್ರತ್ಯೇಕ ಜಾಗವಿದೆ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದಾಗ ಮಲೆಮನೆ, ಮಧುಗುಂಡಿಯಂಥ ಹೆಸರುಗಳು ಹೊರಗಿನವರ ಕಿವಿಗೆ ಬಿದ್ದವು. ಯಾವ ಹಳ್ಳ ಯಾವ ಹಾಡಿಯ ಹಿಂದೆ ಹರಿಯುತ್ತದೆ, ಯಾವ ಕಾಲುಸಂಕ ಮಳೆಗಾಲದಲ್ಲಿ ಮುಳುಗುತ್ತದೆ ಎಂದು ನಕ್ಷೆಯ ಮೇಲೆ ಗುರುತಿಸಬಲ್ಲವರು ಅಲ್ಲಿಯ ಮಕ್ಕಳೇ. 2018ರ ಕೇರಳದ ನೆರೆಯಲ್ಲಿ ಪರಿಹಾರ ಕಾರ್ಯಕ್ಕೆ ಬಳಸಿದ ಕೇರಳರೆಸ್ಕ್ಯೂ ತಾಣದ ಕೋಡ್ ಮುಕ್ತವಾಗಿದ್ದುದರಿಂದಲೇ ಗುರುತು ಪರಿಚಯವಿಲ್ಲದ ಎಷ್ಟೋ ತಂತ್ರಜ್ಞರು ಕೆಲವೇ ದಿನಗಳಲ್ಲಿ ಕೈಜೋಡಿಸಲು ಸಾಧ್ಯವಾಯಿತು. ನಮ್ಮ ಕಡೆ ಅಂಥ ಹೊತ್ತು ಬರುವ ಮುನ್ನವೇ ನಕ್ಷೆ ತುಂಬಿಕೊಂಡಿರಲಿ.

ಇನ್ನೊಂದು ಯೋಜನೆ ಇಲ್ಲಿಯೇ ಹುಟ್ಟಬಹುದು ಎಂಬ ಆಸೆ ನನಗಿದೆ. ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕವನ್ನು ಇಂಚು, ಸೆಂಟ್ಸ್‌ನಲ್ಲಿ ಬರೆದಿಡುವ ರೂಢಿ ಇದೆ. ಬೆಳಿಗ್ಗೆ ಎದ್ದು ಅಳತೆ ಪಾತ್ರೆ ನೋಡಿ, ರಿಜಿಸ್ಟರಿನಲ್ಲೋ ಹಳೆಯ ಡೈರಿಯಲ್ಲೋ ಒಂದು ಸಾಲು. ಹೂಮಳೆ ಯಾವ ವರ್ಷ ಎಂದು ಬಿತ್ತು, ಅದರ ಹಿಂದೆ ಹೂ ಕಾಯಿಗಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ ಎಂಬುದು ಆ ಸಾಲುಗಳಲ್ಲಿದೆ. ತಲೆಮಾರುಗಳ ಲೆಕ್ಕ ಕಪಾಟಿನಲ್ಲಿ ಗೆದ್ದಲಿಗೆ ತುತ್ತಾಗುತ್ತಿದೆ. ಒಪ್ಪುವ ಮನೆಗಳಿಂದ ಪುಟಗಳ ಫೋಟೊ ತೆಗೆದು, ವಿಕಿಸೋರ್ಸ್ ಮಾದರಿಯಲ್ಲಿ ಒಬ್ಬರು ಬೆರಳಚ್ಚಿಸಿ ಇನ್ನೊಬ್ಬರು ತಾಳೆ ನೋಡಿ, ನೂರು ಸೆಂಟ್ಸ್‌ಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್ ಎಂದು ಬದಲಾಯಿಸಿ ಮುಕ್ತ ದತ್ತಾಂಶವಾಗಿ ಇಟ್ಟರೆ, ಬಾಳೆಹೊನ್ನೂರಿನ ಕಾಫಿ ಸಂಶೋಧಕರಿಂದ ಹಿಡಿದು ಹವಾಮಾನ ಓದುವವರವರೆಗೆ ಎಲ್ಲರಿಗೂ ಬೇಕಾಗುತ್ತದೆ. ಇದರಲ್ಲಿ ಕೋಡ್ ಬರೆಯುವ ಪಾಲು ಸಣ್ಣದು. ಅಜ್ಜನ ಕೈಬರಹ ಓದಬಲ್ಲ ಮೊಮ್ಮಗಳ ಪಾಲು ದೊಡ್ಡದು.

ಕಮ್ಮಟ ಮುಗಿದ ಮೇಲಿನ ಮಾತು. ಹೊಸಬರು ಕಳಿಸಿದ ಮೊದಲ ತಿದ್ದುಪಡಿಗೆ ಮೂರು ದಿನದೊಳಗೆ ಉತ್ತರ ಹೋಗಬೇಕು. ಒಪ್ಪಿಗೆಯೇ ಆಗಬೇಕೆಂದಿಲ್ಲ, ‘ನೋಡಿದ್ದೇನೆ, ಈ ಸಾಲು ಹೀಗಿರಲಿ’ ಎಂಬ ಒಂದು ಮಾತು ಸಾಕು. ಎರಡು ತಿಂಗಳು ಉತ್ತರವಿಲ್ಲದೆ ಬಿದ್ದಿರುವ ಪುಲ್ ರಿಕ್ವೆಸ್ಟ್ ಕಂಡವರು ಮತ್ತೆ ಆ ಕಡೆ ಸುಳಿಯುವುದಿಲ್ಲ. ಆದ್ದರಿಂದ ಉತ್ತರ ಕೊಡುವ ಇಬ್ಬರ ಹೆಸರನ್ನು ಕಮ್ಮಟಕ್ಕೆ ಮೊದಲೇ ಪ್ರಕಟಿಸಿ. ಅವರಿಗೆ ಬಿಡುವಿಲ್ಲದಿದ್ದರೆ ಕಮ್ಮಟವನ್ನೇ ಮುಂದೂಡಿ. ವಿಕಿಪೀಡಿಯದ ಚರ್ಚಾಪುಟವಾದ ಅರಳಿಕಟ್ಟೆಯಲ್ಲಿ ಹೊಸಬರು ಕೇಳಿದ ಪ್ರಶ್ನೆಗೆ ನಿಯಮದ ಪುಟದ ಕೊಂಡಿ ಎಸೆದು ಸುಮ್ಮನಾಗುವ ಚಾಳಿ ಬಿಡಿ.

ಮತ್ತು ಕಾಲೇಜುಗಳಿಗೆ ಒಂದು ವಿನಂತಿ. ವರದಿಯಲ್ಲಿ ಎಷ್ಟು ಜನ ಬಂದಿದ್ದರು, ಎಷ್ಟು ಪ್ರಮಾಣಪತ್ರ ಹಂಚಿದೆವು ಎಂದು ಬರೆಯುವ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಮುಂದಿನ ಜನವರಿಯಲ್ಲಿ ಇವರಲ್ಲಿ ಯಾರು ಇನ್ನೂ ಕೆಲಸ ಮಾಡುತ್ತಿದ್ದಾರೆ? ಅರವತ್ತು ಜನರಲ್ಲಿ ನಾಲ್ವರು ಉಳಿದಿದ್ದರೂ ಕಮ್ಮಟ ಗೆದ್ದಿದೆ. ಆ ನಾಲ್ವರನ್ನು ಮುಂದಿನ ಅಕ್ಟೋಬರ್‌ವರೆಗೆ ಕಾಯಿಸದೆ, ಬೇರೆಯವರ ಪುಟ ತಾಳೆ ನೋಡುವ, ತಿದ್ದುಪಡಿ ಒಪ್ಪುವ ಅಧಿಕಾರವನ್ನು ಯೋಜನೆಯವರು ಆಗಲೇ ಕೊಡಲಿ.