ಫೋಲ್ಡರ್ ಹೊರುವುದೋ, ಖಾತೆ ನಂಬುವುದೋ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆ ನೆಪದಲ್ಲಿ ಲಿನಕ್ಸ್ ಇರುವ ಕಂಪ್ಯೂಟರಿಗೆ ಹೊರಳುವ ಫೈರ್‌ಫಾಕ್ಸ್ ಬಳಕೆದಾರರು ಒಂದು ವಿಷಯ ತೀರ್ಮಾನಿಸಬೇಕಾಗುತ್ತದೆ. ವರ್ಷಗಳಿಂದ ಕೂಡಿಟ್ಟ ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿಗಳನ್ನು ಅವೆಲ್ಲ ಇರುವ ಪ್ರೊಫೈಲ್ ಫೋಲ್ಡರ್ ಸಮೇತ ನಕಲು ಮಾಡಿ ಒಯ್ಯಬೇಕೆ, ಫೈರ್‌ಫಾಕ್ಸ್ ತಯಾರಕರಾದ ಮೊಜಿಲ್ಲಾದ ಖಾತೆ ತೆರೆದು ಅದರ ಸಿಂಕ್ ಸೇವೆಗೆ ಒಪ್ಪಿಸಬೇಕೆ?

ಫೋಲ್ಡರ್ ಪರವಾದ ವಾದಕ್ಕೆ ತೂಕವಿದೆ. ಫೈರ್‌ಫಾಕ್ಸ್ ಪ್ರೊಫೈಲಿನ ರಚನೆ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಬಹುಮಟ್ಟಿಗೆ ಒಂದೇ ಆದ್ದರಿಂದ ನಕಲು ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಸಿಂಕ್ ಸಾಗಿಸದ ಕುಕಿಗಳೂ ಎಕ್ಸ್‌ಟೆನ್ಶನ್‌ಗಳು ತಮ್ಮೊಳಗೆ ಇಟ್ಟುಕೊಂಡ ಮಾಹಿತಿಯೂ ಜೊತೆಗೇ ಬರುತ್ತವೆ. ಯಾವ ಸರ್ವರಿನ ಹಂಗೂ ಇಲ್ಲ.

ಆದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆ ಬೀಗ ಹಾಕುವ ಪ್ರೈಮರಿ ಪಾಸ್‌ವರ್ಡ್ ಹಾಕಿರದಿದ್ದರೆ ಆ ಫೋಲ್ಡರ್ ಕೈಗೆ ಸಿಕ್ಕವರು ಒಳಗಿನ ಪಾಸ್‌ವರ್ಡ್‌ಗಳನ್ನೆಲ್ಲ ಓದಬಲ್ಲರು. ಪೆನ್‌ಡ್ರೈವ್ ಕಳೆದುಹೋಗುವುದು ಅಪರೂಪವೇನಲ್ಲ. ಹೊಸ ಆವೃತ್ತಿಯಲ್ಲಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ಒಪ್ಪುವುದಿಲ್ಲ. ದೀರ್ಘಾವಧಿ ಬೆಂಬಲದ ಹಳೆಯ ಆವೃತ್ತಿಯನ್ನೇ ಕೊಡುವ ಡೆಬಿಯನ್ ಲಿನಕ್ಸ್‌ನಲ್ಲಿ ಈ ತೊಡಕು ಎದುರಾದೀತು. ಉಬುಂಟು ಲಿನಕ್ಸ್‌ನಲ್ಲಿ 22.04 ಆವೃತ್ತಿಯಿಂದೀಚೆಗೆ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುವುದರಿಂದ ಪ್ರೊಫೈಲಿನ ಜಾಗವೇ ಬೇರೆ. ಹಳೆಯ ಮಾರ್ಗದರ್ಶಿ ಬರಹ ನಂಬಿ ಹೋದವರು ಖಾಲಿ ಜಾಗದಲ್ಲಿ ಹುಡುಕುತ್ತಾರೆ.

ಸಿಂಕ್‌ಗೆ ಈ ಜಂಜಾಟಗಳಿಲ್ಲ. ಮಾಹಿತಿ ನಮ್ಮ ಕಂಪ್ಯೂಟರಿನಲ್ಲೇ ಗೂಢಲಿಪಿಯಾಗಿ ಮಾರ್ಪಟ್ಟು ಹೊರಡುತ್ತದೆ. ಮೊಜಿಲ್ಲಾಗೂ ಅದನ್ನು ಓದಲಾಗದು. ಆಪರೇಟಿಂಗ್ ಸಿಸ್ಟಮ್ ಯಾವುದೆಂಬುದು ಇಲ್ಲಿ ಗೌಣ. ತಂತ್ರಜ್ಞಾನದ ಗೊಡವೆ ಬೇಡವೆನ್ನುವವರಿಗೆ ಇದು ಚಿಕ್ಕ ಲಾಭವಲ್ಲ.

ವಿರೋಧದ ಮಾತೂ ಆ ಗೂಢಲಿಪಿಯಿಂದಲೇ ಹುಟ್ಟುತ್ತದೆ. ಖಾತೆಯ ಪಾಸ್‌ವರ್ಡ್ ಮರೆತು, ಮೊದಲೇ ಪಡೆದಿಟ್ಟ ರಿಕವರಿ ಕೀ ಇಲ್ಲದೆ ಹೊಸದನ್ನು ಹಾಕಿದರೆ ಸರ್ವರಿನಲ್ಲಿದ್ದದ್ದು ಅಳಿಯುತ್ತದೆ. ಹಳೆಯ ಕಂಪ್ಯೂಟರ್ ಹಾಗೆಯೇ ಇದ್ದರೆ ಅದರಿಂದ ಮತ್ತೆ ತುಂಬಬಹುದು. ಅದನ್ನೂ ಫಾರ್ಮ್ಯಾಟ್ ಮಾಡಿ ಯಾರಿಗೋ ಕೊಟ್ಟಿದ್ದರೆ ಉಪಾಯವಿಲ್ಲ. ಮೇಲಾಗಿ ಸಿಂಕ್ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ ಬುಕ್‌ಮಾರ್ಕ್ ಇನ್ನೊಂದು ಕಡೆಯೂ ಹೋಗುತ್ತದೆ.



ಎರಡೂ ಪಕ್ಷ ಪ್ರಾಮಾಣಿಕವೇ. ಒಂದಕ್ಕೆ ಪರರ ಸರ್ವರಿನ ಬಗ್ಗೆ ಸಂಶಯ, ಇನ್ನೊಂದಕ್ಕೆ ನಮ್ಮದೇ ಅಜಾಗರೂಕತೆಯ ಬಗ್ಗೆ. ನನ್ನ ಒಲವು, ಕೊಂಚ ಅಳುಕಿನಿಂದಲೇ, ಎರಡನ್ನೂ ಮಿತವಾಗಿ ಬಳಸುವುದರತ್ತ. ದಿನಬಳಕೆಯ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ಸಿಂಕ್ ಮೂಲಕ ಹೋಗಲಿ. ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಲಿ. ಹೊರಡುವ ಮುನ್ನ ಪ್ರೈಮರಿ ಪಾಸ್‌ವರ್ಡ್ ಹಾಕಿ, ಫೈರ್‌ಫಾಕ್ಸ್ ಮುಚ್ಚಿ, ಪ್ರೊಫೈಲಿನ ಒಂದು ನಕಲು ತೆಗೆದಿಟ್ಟುಕೊಳ್ಳಬಹುದು. ಎಕ್ಸ್‌ಟೆನ್ಶನ್‌ಗಳಲ್ಲಿ ಸಾಕಷ್ಟು ಮಾಹಿತಿ ತುಂಬಿಟ್ಟವರು ಮಾತ್ರ ಆ ನಕಲಿನಿಂದಲೇ ಹೊಸ ಸಂಸಾರ ಹೂಡುವುದು ಲೇಸು. ಉಳಿದವರು ಹೊಸ ಕಂಪ್ಯೂಟರಿನಲ್ಲಿ ಬೇಕಾದ್ದೆಲ್ಲ ಬಂದಿದೆಯೆಂದು ಖಾತ್ರಿಯಾದ ಮೇಲೆ ಆ ನಕಲನ್ನು ಅಳಿಸಬಹುದು.