ತೇಲುವ ಚಕ್ರ, ತಂಪಿನ ಖರ್ಚು

ಜಪಾನಿನ ಯಮನಾಶಿ ಪ್ರಾಂತ್ಯದ ಕೊಮೆಕುರಾಯಾಮಾದಲ್ಲಿ, ಸೌರವಿದ್ಯುತ್ ಸ್ಥಾವರವೊಂದರ ಜೊತೆಗೆ, 2015ರಲ್ಲಿ ಒಂದು ಫ್ಲೈವೀಲನ್ನು ಪರೀಕ್ಷೆಗೆ ಇಳಿಸಿದರು. ಕಾರ್ಬನ್ ನಾರಿನ ಆ ಚಕ್ರದ ವ್ಯಾಸ 2 ಮೀಟರ್, ತೂಕ ಸುಮಾರು 4 ಟನ್. ಅಷ್ಟು ಭಾರ ಯಾವುದಕ್ಕೂ ತಾಗದೆ ನಿರ್ವಾತದಲ್ಲಿ ತೇಲುತ್ತಲೇ ತಿರುಗುತ್ತದೆ. ಬಿಸಿಲು ಹೆಚ್ಚಿದ್ದಾಗ ವೇಗ ಏರಿಸಿಕೊಂಡು ವಿದ್ಯುತ್ತನ್ನು ಚಲನೆಯಾಗಿ ಕೂಡಿಡುತ್ತದೆ, ಮೋಡ ಕವಿದರೆ ವೇಗ ಇಳಿಸಿಕೊಂಡು ಹಿಂದಿರುಗಿಸುತ್ತದೆ.

ಇದರ ಸೊಗಸು ಇರುವುದು ಬೇರಿಂಗಿನಲ್ಲಿ. ಬರೀ ಶಾಶ್ವತ ಅಯಸ್ಕಾಂತಗಳಿಂದ ಒಂದು ವಸ್ತುವನ್ನು ಸ್ಥಿರವಾಗಿ ತೇಲಿಸಲಾಗದು ಎಂದು ಗಣಿತಜ್ಞ ಅರ್ನ್‌ಶಾ 1842ರಲ್ಲೇ ತೋರಿಸಿದ್ದ. ಈ ಚಕ್ರದ ಬೇರಿಂಗ್ ಅತಿವಾಹಕದ್ದು, ಅಂದರೆ ತೀರಾ ತಣ್ಣಗಾದಾಗ ವಿದ್ಯುತ್ತಿಗೆ ತಡೆಯೊಡ್ಡದ ವಸ್ತುವಿನದು. ಅತಿವಾಹಕಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಅದು ಕಾಂತರೇಖೆಗಳನ್ನು ತನ್ನೊಳಗೆ ಸಿಕ್ಕಿಸಿ ಹಿಡಿದುಕೊಳ್ಳುವುದರಿಂದ ಚಕ್ರ ಅತ್ತಿತ್ತ ಸರಿದರೂ ತಾನಾಗಿ ಜಾಗಕ್ಕೆ ಮರಳುತ್ತದೆ. ಸೆನ್ಸರ್ ಬೇಡ, ಎಣ್ಣೆ ಬೇಡ, ಸವೆತವಿಲ್ಲ. ಮತ್ತೆ ಮತ್ತೆ ತುಂಬಿ ಬರಿದು ಮಾಡಿದರೂ ಬ್ಯಾಟರಿಯಂತೆ ಸೊರಗುವುದಿಲ್ಲ.

ಆದರೆ ಈ ಬೇರಿಂಗ್ ಸದಾ ತಣ್ಣಗಿರಬೇಕು. ಕೊಮೆಕುರಾಯಾಮಾದಲ್ಲಿ ಅದನ್ನು ಸುಮಾರು 50 ಕೆಲ್ವಿನ್, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ 223 ಡಿಗ್ರಿ ಕೆಳಗೆ, ಇಟ್ಟಿದ್ದರು. ಆ ತಂಪಿನೊಳಗೆ ನುಸುಳುವ ಒಂದೊಂದು ವಾಟ್ ಶಾಖವನ್ನು ಹೊರಹಾಕಲು ಭೌತಶಾಸ್ತ್ರದ ಲೆಕ್ಕದಲ್ಲೇ ಕನಿಷ್ಠ 5 ವಾಟ್ ವಿದ್ಯುತ್ ಬೇಕು. ನಿಜವಾದ ಯಂತ್ರಗಳು ಇದರ ಹಲವು ಪಟ್ಟು ತಿನ್ನುತ್ತವೆ. ಚಕ್ರ ಕೆಲಸ ಮಾಡಲಿ ಬಿಡಲಿ, ಈ ಖರ್ಚು ನಿಲ್ಲದು. ಘರ್ಷಣೆಯಲ್ಲಿ ಉಳಿಸಿದ್ದು ಇಲ್ಲಿ ಸೋರಿಹೋಗಬಹುದು. ಇನ್ನು ನ್ಯೂಯಾರ್ಕ್ ರಾಜ್ಯದ ಸ್ಟೀಫನ್‌ಟೌನ್‌ನಲ್ಲಿ 2011ರಿಂದ 200 ಫ್ಲೈವೀಲ್‌ಗಳ 20 ಮೆಗಾವಾಟ್ ಸ್ಥಾವರ ಅತಿವಾಹಕದ ಹಂಗಿಲ್ಲದೆ ನಡೆದಿದೆ ಎಂಬುದನ್ನೂ ಮರೆಯಬಾರದು.

ಹಾಗಾದರೆ ಇದು ಬೇಡವೇ? ನನಗೆ ಹಾಗನ್ನಿಸುವುದಿಲ್ಲ. ಜಪಾನಿನ ಯಂತ್ರದ ಶಕ್ತಿ 300 ಕಿಲೋವಾಟ್, ಸಂಗ್ರಹ 100 ಕಿಲೋವಾಟ್-ಗಂಟೆ. ಪೂರ್ತಿ ಶಕ್ತಿಯಲ್ಲಿ ಇಪ್ಪತ್ತೇ ನಿಮಿಷದ ಕೆಲಸ. ಹಗಲಿನ ಬಿಸಿಲನ್ನು ರಾತ್ರಿಗೆ ಎತ್ತಿಡಲು ಇದು ಆಗದು, ಅಲ್ಲಿ ಬ್ಯಾಟರಿಯೇ ಸರಿ. ರೈಲು ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತನ್ನು ಹಿಡಿದು, ಮುಂದಿನ ರೈಲು ಹೊರಡುವಾಗ ಕೊಡುವಂಥ ಬಿಡುವಿಲ್ಲದ ಜಾಗಕ್ಕೆ, ಭಾರಿ ಚಕ್ರ ಬೇಕಾದ ಕಡೆಗೆ, ಇದು ತಕ್ಕ ಯಂತ್ರ. ಇಂಥದೊಂದರ ದಕ್ಷತೆಯ ಅಂಕಿ ಎಲ್ಲಾದರೂ ಕಂಡರೆ, ತಂಪು ಮಾಡುವ ಯಂತ್ರದ ವಿದ್ಯುತ್ತೂ ಆ ಲೆಕ್ಕದಲ್ಲಿ ಸೇರಿದೆಯೇ ಎಂದು ಮೊದಲು ನೋಡಿ.